ಗ್ರಾಫಿಕ್ಸ್ ಮೆಮೊರಿಯ ವಿನಿಯೋಗಕ್ರಮ

ಕಣ್ಣೆದುರಿನಲ್ಲಿ ಆಗಿಂದಾಗಲೇ ಚಿತ್ರವನ್ನು ರಚಿಸಿ ತೋರಿಸತಕ್ಕ ತಂತ್ರಾಂಶಗಳಲ್ಲಿ ಜನರ ಪ್ರಶಂಸೆಗೆ ಪಾತ್ರವಾಗುವುದು ಚಿತ್ರದ ಸೊಗಸೇ ಹೊರತು, ಅದರ ಸಾಮಗ್ರಿಯನ್ನು ಎಲ್ಲಿ ಇಡಬೇಕು, ಎಷ್ಟು ಹೊತ್ತು ಇಡಬೇಕು, ಯಾವಾಗ ತೆಗೆಯಬೇಕು ಎಂಬ ವ್ಯವಸ್ಥೆಯಲ್ಲ. ನಾಟಕವನ್ನು ನೋಡಿ ಬಂದವರು ನಟರನ್ನು ಹೊಗಳುವರಲ್ಲದೆ ನೇಪಥ್ಯದಲ್ಲಿ ವೇಷಭೂಷಣಗಳ ಪೆಟ್ಟಿಗೆಗಳನ್ನು ಹೊಂದಿಸಿಟ್ಟವನನ್ನು ನೆನೆಯುವುದುಂಟೆ? ಆದರೆ ರಾಜನ ಪಾತ್ರದವನು ರಂಗಕ್ಕೆ ಬರುವ ಹೊತ್ತಿಗೆ ಕಿರೀಟವು ಸಿಕ್ಕದೆ ಹೋದರೆ ಆ ಪೆಟ್ಟಿಗೆಯವನ ಮಹತ್ತ್ವವು ಎಲ್ಲರಿಗೂ ತಿಳಿದುಬರುತ್ತದೆ. ಗ್ರಾಫಿಕ್ಸ್ ಮೆಮೊರಿಯ ವಿನಿಯೋಗವು ಅಂಥ ನೇಪಥ್ಯಕಾರ್ಯ. ಅದು ಸ್ಥಳವನ್ನು ಹಂಚುವ ಕೆಲಸವೆಂದು ಮೇಲುನೋಟಕ್ಕೆ ತೋರಿದರೂ, ವಿಚಾರಿಸಿ ನೋಡಿದರೆ ಕಾಲವನ್ನು ಅರಿಯುವ ಕೆಲಸವೇ ಅದರಲ್ಲಿ ಪ್ರಧಾನವೆಂದು ಗೊತ್ತಾಗುವುದು.

ಚಲನಚಿತ್ರದಲ್ಲಿ ಚಿತ್ರಗಳು ಮೊದಲೇ ಸಿದ್ಧವಾಗಿದ್ದು ಒಂದಾದ ಮೇಲೊಂದು ತೋರಿಸಲ್ಪಡುತ್ತವೆ. ವಿಡಿಯೋ ಆಟಗಳಲ್ಲಿಯೂ ವಿಮಾನ ನಡೆಸುವವರ ಶಿಕ್ಷಣಕ್ಕಾಗಿ ಏರ್ಪಟ್ಟ ಯಂತ್ರಗಳಲ್ಲಿಯೂ ಹಾಗಲ್ಲ. ಆಡುವವನು ಮುಂದಿನ ಕ್ಷಣದಲ್ಲಿ ಎತ್ತ ತಿರುಗುವನೆಂಬುದು ಯಾರಿಗೂ ತಿಳಿಯದು. ಅವನು ತಿರುಗಿದ ಮೇಲೆಯೇ ಚಿತ್ರವು ಹುಟ್ಟಬೇಕು. ಸೆಕೆಂಡಿಗೆ ೬೦ ಚಿತ್ರಗಳೆಂದು ಇಟ್ಟುಕೊಂಡರೆ ಒಂದೊಂದಕ್ಕೆ ದೊರೆಯುವ ಅವಧಿ ಸುಮಾರು ೧೬.೬೭ ಮಿಲಿಸೆಕೆಂಡು. ಇಷ್ಟರೊಳಗೆ ಗ್ರಾಫಿಕ್ಸ್ ಪ್ರೊಸೆಸರ್, ಎಂದರೆ ಜಿಪಿಯು, ವಸ್ತುಗಳ ಆಕಾರವನ್ನು ಹೇಳುವ ಬಿಂದುಗಳ ಪಟ್ಟಿಯನ್ನೂ, ಅವುಗಳ ಮೈಮೇಲೆ ಹೊದಿಸತಕ್ಕ ಟೆಕ್ಸ್ಚರುಗಳೆಂಬ ಚಿತ್ರಪಟಗಳನ್ನೂ ತನ್ನ ಮೆಮೊರಿಯಿಂದ ಓದಿ, ನೆರಳು ಬೆಳಕುಗಳನ್ನು ಲೆಕ್ಕಹಾಕಿ, ನಡುವೆ ಹಲವು ಅಪೂರ್ಣ ಚಿತ್ರಗಳನ್ನು ಬರೆದಿಟ್ಟುಕೊಂಡು, ಕಡೆಗೆ ಒಂದು ಪೂರ್ಣ ಚಿತ್ರವನ್ನು ತೆರೆಗೆ ಒಪ್ಪಿಸಬೇಕು.

ಇಲ್ಲಿ ಮೆಮೊರಿ ಎಂಬ ಮಾತನ್ನೇ ಉಳಿಸಿಕೊಂಡುದಕ್ಕೆ ಕಾರಣವುಂಟು. ಅದಕ್ಕೆ ಸ್ಮೃತಿ ಎಂಬ ಪದವನ್ನು ಕೆಲವರು ಪ್ರಯೋಗಿಸುತ್ತಾರೆ. ಅದು ಅಷ್ಟಾಗಿ ಒಪ್ಪುವುದಿಲ್ಲ. ಶಾಸ್ತ್ರಕಾರರ ಸ್ಮೃತಿಯು ಹಿಂದಣ ಅನುಭವದ ಸಂಸ್ಕಾರದಿಂದ ಮೂಡತಕ್ಕ ಒಂದು ಬಗೆಯ ಜ್ಞಾನ. ಯಂತ್ರದ ಮೆಮೊರಿಯಾದರೋ ಅಂಕೆ ಹಾಕಿದ ಗೂಡುಗಳ ಒಂದು ಉದ್ದನೆಯ ಸಾಲು. ತನ್ನೊಳಗೆ ಇಟ್ಟುದು ಇಂಥದೆಂಬ ಅರಿವು ಗೂಡಿಗೆ ಇಲ್ಲ. ಉಗ್ರಾಣವೆಂದರೆ ಅರ್ಥಕ್ಕೆ ಹೆಚ್ಚು ಹತ್ತಿರವಾಗುವುದು. ಆದರೆ ರೂಢಿಯಾದ ಮಾತನ್ನು ಬಿಡುವುದು ಉಚಿತವಲ್ಲ.

ಈ ಉಗ್ರಾಣದ ಪರಿಮಾಣವೆಷ್ಟೆಂಬುದನ್ನು ಒಂದೆರಡು ಲೆಕ್ಕಗಳಿಂದ ತಿಳಿಯಬಹುದು. ಅಗಲದಲ್ಲಿ ೧೯೨೦, ಎತ್ತರದಲ್ಲಿ ೧೦೮೦ ಬಿಂದುಗಳುಳ್ಳ ಚಿತ್ರದಲ್ಲಿ ಬಿಂದುವೊಂದಕ್ಕೆ ೪ ಬೈಟುಗಳಾದರೆ ಒಟ್ಟು ೮೨,೯೪,೪೦೦ ಬೈಟುಗಳು. ಎರಡು ಕಡೆಯೂ ಇಮ್ಮಡಿಯಾದ ೩೮೪೦ಕ್ಕೆ ೨೧೬೦ರ ಚಿತ್ರಕ್ಕೆ ಇದರ ನಾಲ್ಮಡಿ, ಎಂದರೆ ೩,೩೧,೭೭,೬೦೦. ಪ್ರತಿಪಾರ್ಶ್ವದಲ್ಲಿ ೪೦೯೬ ಬಿಂದುಗಳುಳ್ಳ ಒಂದೇ ಒಂದು ಟೆಕ್ಸ್ಚರು ಕುಗ್ಗಿಸದೆ ಇಟ್ಟರೆ ೬೪ ಮೆಗಾಬೈಟುಗಳನ್ನು ಆಕ್ರಮಿಸುವುದು. ಇಲ್ಲಿ ಮೆಗಾಬೈಟೆಂದರೆ ೧೦,೪೮,೫೭೬ ಬೈಟುಗಳು. ಅಷ್ಟಕ್ಕೇ ಮುಗಿಯಲಿಲ್ಲ. ದೂರದ ಗೋಡೆಗೆ ಇಷ್ಟು ಸೂಕ್ಷ್ಮವಾದ ಪಟವು ಬೇಡವಾದುದರಿಂದ ಅದರ ಅರ್ಧ, ಅರ್ಧದ ಅರ್ಧ, ಹೀಗೆ ಇಳಿಯುವ ಒಂದು ಸರಣಿಯನ್ನೇ ಪಕ್ಕದಲ್ಲಿ ಇಡುವ ಪದ್ಧತಿಯುಂಟು. ೧೯೮೩ರಲ್ಲಿ ಲ್ಯಾನ್ಸ್ ವಿಲಿಯಮ್ಸ್ ಎಂಬವರು ಇದನ್ನು ಪ್ರತಿಪಾದಿಸಿ ಮಿಪ್ ಎಂದು ಹೆಸರಿಟ್ಟರು. ಆ ಹೆಸರು ಲ್ಯಾಟಿನ್ ಭಾಷೆಯ ಮೂರು ಪದಗಳ ಮೊದಲಕ್ಷರಗಳಿಂದಾದದ್ದು. ಕಿರಿದರಲ್ಲಿ ಹಿರಿದು ಎಂಬುದು ಅದರ ತಾತ್ಪರ್ಯ. ಸೂತ್ರಗ್ರಂಥಗಳಿಗೆ ಸಲ್ಲಬೇಕಾದ ಮಾತು ಒಂದು ಚಿತ್ರವಿದ್ಯೆಯ ಪರಿಭಾಷೆಯಾಗಿ ನಿಂತಿರುವುದು ವಿನೋದಕರವಾಗಿದೆ. ಪ್ರತಿಯೊಂದು ಹಂತವೂ ಹಿಂದಿನದರ ನಾಲ್ಕನೆಯ ಒಂದು ಪಾಲಾದುದರಿಂದ ಇಡೀ ಸರಣಿಗೆ ಮೂಲದ ಮೂರನೆಯ ಒಂದು ಪಾಲಷ್ಟು ಮಾತ್ರ ಅಧಿಕ ಸ್ಥಳ ಬೇಕು; ೬೪ ಇದ್ದದ್ದು ೮೫ಕ್ಕೆ ಸ್ವಲ್ಪ ಮೇಲಾಗುವುದು. ಇಂಥ ಟೆಕ್ಸ್ಚರುಗಳು ಒಂದು ದೃಶ್ಯದಲ್ಲಿ ನೂರಾರು.

ಇಷ್ಟನ್ನೂ ಇಡುವ ಸ್ಥಳವನ್ನು ಹಂಚುವವರು ಯಾರು? ೧೯೯೨ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯಿಂದ ಹೊರಟ ಓಪನ್‌ಜಿಎಲ್ ಎಂಬ ವ್ಯವಸ್ಥೆಯಲ್ಲಿ ಈ ಭಾರವು ಡ್ರೈವರಿನದಾಗಿತ್ತು. ಡ್ರೈವರೆಂದರೆ ಯಂತ್ರವನ್ನು ಮಾಡಿದವರೇ ಅದರೊಡನೆ ಕೊಡುವ ಮಧ್ಯಸ್ಥ ತಂತ್ರಾಂಶ. ದೇವಸ್ಥಾನದ ಪಾರುಪತ್ಯಗಾರನಿಗೆ ಅದನ್ನು ಹೋಲಿಸಬಹುದು. ಯಾತ್ರಿಕರು ಗಂಟನ್ನು ಅವನ ಕೈಗೆ ಕೊಟ್ಟು ಹೋಗುವರು. ಅವನು ಅದನ್ನು ಯಾವ ಕೋಣೆಯಲ್ಲಿಟ್ಟನೆಂದು ಕೇಳುವ ಹಾಗಿಲ್ಲ, ಕೇಳಿದರೆ ಬರುವುದು ಒಂದು ಚೀಟಿ ಮಾತ್ರ. ಈ ಏರ್ಪಾಟಿನಲ್ಲಿ ಸೌಕರ್ಯವು ಬಹಳ. ಆದರೆ ಯಾವ ಗಂಟು ನಾಳೆ ಬೆಳಗ್ಗೆಯೇ ಬೇಕು, ಯಾವುದು ಆರು ತಿಂಗಳು ಬೇಡ ಎಂಬುದನ್ನು ಪಾರುಪತ್ಯಗಾರನು ಊಹಿಸಬೇಕೇ ಹೊರತು ತಿಳಿದಿರಲಾರನು. ಸೂಚನೆ ಕೊಡುವ ಅವಕಾಶವೇನೋ ಇತ್ತು. ಅದು ಸೂಚನೆಯಷ್ಟೆ, ಆಜ್ಞೆಯಲ್ಲ. ಊಹೆಯು ತಪ್ಪಿದಾಗ ಅವನು ಉಗ್ರಾಣವನ್ನೆಲ್ಲ ತೆರೆದು ಅಲ್ಲಿದ್ದುದನ್ನು ಇಲ್ಲಿಗೆ ಸಾಗಿಸತೊಡಗುವನು. ೧೬ ಮಿಲಿಸೆಕೆಂಡಿನಲ್ಲಿ ಬರಬೇಕಾದ ಚಿತ್ರವು ಅದರಿಂದ ತಡವಾಗಿ, ಚಲಿಸುತ್ತಿದ್ದ ದೃಶ್ಯವು ಎಡವಿದಂತೆ ಕಾಣುವುದು. ಏತಕ್ಕೆ ಎಡವಿತೆಂಬುದು ತಂತ್ರಾಂಶವನ್ನು ಬರೆದವರಿಗೂ ತಿಳಿಯುತ್ತಿರಲಿಲ್ಲ.

೨೦೧೫ರಲ್ಲಿ ವಿಂಡೋಸ್ ೧೦ರೊಡನೆ ಬಂದ ಡೈರೆಕ್ಟ್೩ಡಿ ೧೨, ೨೦೧೬ರ ಫೆಬ್ರುವರಿಯಲ್ಲಿ ಕ್ರೋನೋಸ್ ಸಮೂಹವು ಪ್ರಕಟಿಸಿದ ವಲ್ಕನ್, ಇವೆರಡೂ ಪಾರುಪತ್ಯವನ್ನು ಯಾತ್ರಿಕನ ಕೈಗೇ ಕೊಟ್ಟುವು. ಯಾವ ವಸ್ತು ಎಷ್ಟು ಕಾಲ ಬೇಕೆಂಬುದನ್ನು ಬಲ್ಲವನೇ ಸ್ಥಳವನ್ನೂ ನಿಶ್ಚಯಿಸಲಿ ಎಂಬುದು ಇದರ ನ್ಯಾಯ. ಇದು ಯುಕ್ತವಾದುದೇ. ಆದರೆ ಸ್ವಾತಂತ್ರ್ಯದೊಡನೆ ದೋಷಗಳ ಹೊಣೆಯೂ ಬಂದಿತೆಂಬುದನ್ನು ಮೊದಮೊದಲು ಈ ವ್ಯವಸ್ಥೆಗಳನ್ನು ಹಿಡಿದವರಲ್ಲಿ ಅನೇಕರು ಕಷ್ಟಪಟ್ಟೇ ಕಲಿತರು.

ವಲ್ಕನ್ನಿನಲ್ಲಿ ಯಂತ್ರದಿಂದ ನೇರವಾಗಿ ಪಡೆಯಬಹುದಾದ ವಿನಿಯೋಗಗಳ ಸಂಖ್ಯೆಗೆ ಒಂದು ಮಿತಿಯುಂಟು. ಏಕಕಾಲದಲ್ಲಿ ಕನಿಷ್ಠ ೪೦೯೬ಕ್ಕೆ ಅವಕಾಶವಿರಬೇಕೆಂಬುದಷ್ಟೇ ನಿಯಮ. ದೊಡ್ಡ ದೃಶ್ಯವೊಂದರಲ್ಲಿ ವಸ್ತುಗಳು ಇದಕ್ಕಿಂತ ಹೆಚ್ಚಾಗಿರಬಹುದು. ಅಲ್ಲದೆ ಪ್ರತಿಯೊಂದು ವಿನಿಯೋಗವೂ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ವರೆಗೆ ಹೋಗಿ ಬರಬೇಕಾದ ನಿಧಾನಕಾರ್ಯ. ಆದುದರಿಂದ ಮೊದಲೇ ಒಂದು ದೊಡ್ಡ ಖಂಡವನ್ನು ಪಡೆದು, ಅದರೊಳಗೆ ತಾನೇ ಚಿಕ್ಕ ಚಿಕ್ಕ ಪಾಲುಗಳನ್ನು ಮಾಡಿಕೊಳ್ಳುವುದು ಸರ್ವಸಮ್ಮತವಾದ ಮಾರ್ಗ. ೨೦೧೭ರಿಂದ ಎಎಮ್‌ಡಿ ಸಂಸ್ಥೆಯು ಎಲ್ಲರಿಗೂ ಮುಕ್ತವಾಗಿ ಕೊಟ್ಟಿರುವ ವಲ್ಕನ್ ಮೆಮೊರಿ ಅಲೋಕೇಟರ್ ಎಂಬ ಸಾಧನದಲ್ಲಿ ಈ ಖಂಡವು ಸಾಮಾನ್ಯವಾಗಿ ೨೫೬ ಮೆಗಾಬೈಟು.

ಪಾಲು ಮಾಡುವಾಗ ಎಲ್ಲಿ ಬೇಕಾದರೂ ಗೆರೆ ಎಳೆಯುವಂತಿಲ್ಲ. ವಸ್ತುವು ಆರಂಭವಾಗುವ ಗೂಡಿನ ಅಂಕೆಯು ಇಂಥ ಸಂಖ್ಯೆಯಿಂದ ನಿಶ್ಶೇಷವಾಗಿ ಭಾಗಿಸಲ್ಪಡಬೇಕೆಂಬ ನಿಯಮವಿದೆ. ಡೈರೆಕ್ಟ್೩ಡಿ ೧೨ರಲ್ಲಿ ಅದು ಸಾಧಾರಣವಾಗಿ ೬೪ ಕಿಲೋಬೈಟು, ಬಿಂದುವೊಂದಕ್ಕೆ ಹಲವು ಮಾದರಿಗಳನ್ನು ತೆಗೆಯತಕ್ಕ ಚಿತ್ರಗಳಿಗೆ ೪ ಮೆಗಾಬೈಟು. ಪ್ರತಿಯೊಂದು ಪದವೂ ಗಣದ ಮೊದಲ ಮಾತ್ರೆಯಲ್ಲಿಯೇ ಆರಂಭವಾಗತಕ್ಕದ್ದೆಂದು ಯಾರಾದರೂ ಛಂದಸ್ಸಿನಲ್ಲಿ ವಿಧಿಸಿದರೆ ಎಷ್ಟು ಮಾತ್ರೆಗಳು ಬರಿದಾಗಿ ಹೋದಾವೋ ಅಷ್ಟು ಸ್ಥಳ ಇಲ್ಲಿಯೂ ಬರಿದಾಗುವುದು. ಮೆಮೊರಿಯಲ್ಲಿ ಬಗೆಗಳೂ ಉಂಟು. ಜಿಪಿಯುವಿನ ಪಕ್ಕದಲ್ಲಿರುವುದು ಬಹು ಶೀಘ್ರ. ಮುಖ್ಯ ಪ್ರೊಸೆಸರಿನ ಕಡೆಯದು ಜಿಪಿಯುವಿಗೆ ದೂರ. ೨೫೬ ಬಿಟ್ ಅಗಲದ, ೧೪ ಗಿಗಾಬಿಟ್ ವೇಗದ ಜಿಡಿಡಿಆರ್೬ ಮೆಮೊರಿಯಿಂದ ಸೆಕೆಂಡಿಗೆ ೪೪೮ ಗಿಗಾಬೈಟ್ ಓದಬಹುದಾದರೆ, ಎರಡು ಕಡೆಗಳನ್ನೂ ಜೋಡಿಸುವ ನಾಲ್ಕನೆಯ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ಒಂದು ದಿಕ್ಕಿಗೆ ಸಾಗುವುದು ಸುಮಾರು ೩೨. ೨೦೨೦ರ ಪ್ಲೇಸ್ಟೇಷನ್ ೫ರಂಥ ಯಂತ್ರಗಳಲ್ಲಿ ಎರಡಕ್ಕೂ ಸೇರಿ ಒಂದೇ ೧೬ ಗಿಗಾಬೈಟಿನ ಉಗ್ರಾಣವಿರುವುದರಿಂದ ಈ ಭೇದವು ಅಷ್ಟಾಗಿ ಬಾಧಿಸುವುದಿಲ್ಲ.

ಇನ್ನು ವಿನಿಯೋಗದ ಮುಖ್ಯ ಕ್ಲೇಶವಾದ ಛಿದ್ರತೆಯ ವಿಚಾರ. ಇದನ್ನು ತಿಳಿಯಲು ಪಂಕ್ತಿಭೋಜನಕ್ಕಿಂತ ಒಳ್ಳೆಯ ದೃಷ್ಟಾಂತವು ದೊರೆಯದು. ಉದ್ದನೆಯ ಪಡಸಾಲೆಯಲ್ಲಿ ಒಂದೇ ಸಾಲಾಗಿ ನೂರು ಎಲೆ ಹಾಕಿದೆಯೆಂದೂ, ಒಂದೊಂದು ಮನೆಯವರು ಒಟ್ಟಿಗೇ ಕುಳಿತುಕೊಳ್ಳಬೇಕೆಂದೂ, ಊಟವಾದವರು ಆಗಾಗಲೇ ಎದ್ದು ಹೋಗಬಹುದೆಂದೂ ಭಾವಿಸೋಣ. ಮೊದಲ ಗಳಿಗೆಯಲ್ಲಿ ಯಾವ ತೊಂದರೆಯೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಇಲ್ಲಿ ಇಬ್ಬರು ಎದ್ದರು, ಅಲ್ಲಿ ಮೂವರು, ಆ ತುದಿಯಲ್ಲಿ ಒಬ್ಬರು. ಈಗ ಐವರ ಕುಟುಂಬವೊಂದು ಬಂದಿತು. ಬರಿದಾದ ಸ್ಥಳಗಳನ್ನು ಎಣಿಸಿದರೆ ಇಪ್ಪತ್ತಿವೆ. ಒತ್ತಾಗಿ ಐದು ಎಲ್ಲಿಯೂ ಇಲ್ಲ. ಸ್ಥಳವಿದ್ದೂ ಬಾಗಿಲಲ್ಲಿ ನಿಲ್ಲಬೇಕಾಯಿತು. ಉಣ್ಣುತ್ತಿರುವವರನ್ನು ಸರಿಯಿರೆಂದು ಎಬ್ಬಿಸುವುದು ಅಮರ್ಯಾದೆ. ಜಿಪಿಯುವಿನ ವಿಷಯದಲ್ಲಿಯಂತೂ ಅದು ಅಪಾಯ, ಏಕೆಂದರೆ ಓದುತ್ತಿರುವ ವಸ್ತುವನ್ನೇ ಕೈಯಿಂದ ಎಳೆದಂತಾಗುವುದು. ಡೊನಾಲ್ಡ್ ಕ್ನೂತ್ ಅವರು ಪ್ರಸಿದ್ಧಿಗೆ ತಂದ ಒಂದು ಗಣನೆಯಂತೆ, ಹೀಗೆ ಬರುವವರೂ ಹೋಗುವವರೂ ಸಮತೂಕಕ್ಕೆ ಬಂದಾಗ ತೆರಪುಗಳ ಸಂಖ್ಯೆಯು ಕುಳಿತ ಗುಂಪುಗಳ ಸಂಖ್ಯೆಯ ಅರ್ಧದಷ್ಟಾಗಿ ನಿಲ್ಲುವುದು.

ಇದಕ್ಕೆ ಪರಿಹಾರಗಳನ್ನು ಚಿತ್ರವಿದ್ಯೆಯು ಹೊಸದಾಗಿ ಕಂಡುಹಿಡಿಯಲಿಲ್ಲ. ಕಂಪ್ಯೂಟರಿನ ಸಾಮಾನ್ಯ ಮೆಮೊರಿಗೆಂದು ಹುಟ್ಟಿದ ಉಪಾಯಗಳನ್ನೇ ತಂದುಕೊಂಡಿತು. ೧೯೬೫ರಲ್ಲಿ ಕೆನೆತ್ ನೋಲ್ಟನ್ ಅವರು ವಿವರಿಸಿದ ಜೋಡಿಕ್ರಮದಲ್ಲಿ ಖಂಡವನ್ನು ಸರಿಯಾಗಿ ಎರಡಾಗಿ, ಮತ್ತೆ ಎರಡಾಗಿ ಒಡೆಯುತ್ತ ಹೋಗುವುದು. ಜೊತೆಯ ಎರಡು ಪಾಲುಗಳೂ ಬರಿದಾದೊಡನೆ ಅವನ್ನು ಮತ್ತೆ ಕೂಡಿಸುವುದು. ಕ್ರಮವು ಮನೋಹರ, ಆದರೆ ೬೫ ಮೆಗಾಬೈಟು ಕೇಳಿದವನಿಗೆ ೧೨೮ನ್ನು ಕೊಟ್ಟು ೬೩ನ್ನು ವ್ಯರ್ಥಗೊಳಿಸುವ ಔದಾರ್ಯವು ದುಬಾರಿ. ಸ್ಪೇನಿನ ವಲೆನ್ಸಿಯದ ವಿದ್ವಾಂಸರು ೨೦೦೪ರಲ್ಲಿ ಪ್ರಕಟಿಸಿದ ಟಿಎಲ್‌ಎಸ್‌ಎಫ್ ಎಂಬ ಕ್ರಮದಲ್ಲಿ ತೆರಪುಗಳನ್ನು ಗಾತ್ರಕ್ಕನುಸಾರವಾಗಿ ವರ್ಗಗಳಲ್ಲಿಯೂ ವರ್ಗಗಳನ್ನು ಉಪವರ್ಗಗಳಲ್ಲಿಯೂ ವಿಂಗಡಿಸಿ, ಯಾವ ಉಪವರ್ಗದಲ್ಲಿ ತೆರಪುಂಟೆಂಬುದನ್ನು ಒಂದೊಂದು ಬಿಟ್ಟಿನಿಂದ ಗುರುತುಮಾಡಿಡುತ್ತಾರೆ. ಹುಡುಕಾಟಕ್ಕೆ ಹಿಡಿಯುವ ಕಾಲವು ತೆರಪುಗಳ ಸಂಖ್ಯೆ ಎಷ್ಟೇ ಇರಲಿ, ಒಂದು ಮಿತಿಯನ್ನು ಮೀರುವುದಿಲ್ಲ. ಈ ಗುಣವೇ ಇಲ್ಲಿ ಮುಖ್ಯವಾದುದು. ಸರಾಸರಿಯಲ್ಲಿ ಶೀಘ್ರವಾಗಿದ್ದು ಸಾವಿರಕ್ಕೊಮ್ಮೆ ಬಹುಕಾಲ ತೆಗೆದುಕೊಳ್ಳುವ ಕ್ರಮವು ಲೆಕ್ಕಪತ್ರಗಳ ಕೆಲಸಕ್ಕೆ ಸಾಕಾದೀತು. ಸೆಕೆಂಡಿಗೆ ೬೦ ಚಿತ್ರಗಳ ಕೆಲಸದಲ್ಲಿ ಆ ಸಾವಿರಕ್ಕೊಮ್ಮೆಯು ನಿಮಿಷಕ್ಕೆ ಮೂರು ನಾಲ್ಕು ಸಲ ಬರುವುದು. ಮೇಲೆ ಹೇಳಿದ ಎಎಮ್‌ಡಿಯ ಸಾಧನವೂ ೨೦೨೨ರ ಮೂರನೆಯ ಆವೃತ್ತಿಯಿಂದ ಈ ಕ್ರಮವನ್ನೇ ಅಂಗೀಕರಿಸಿದೆ.

ಆದರೂ ಇವೆಲ್ಲ ತೆರಪು ಬಿದ್ದ ಮೇಲಿನ ಚಿಕಿತ್ಸೆಗಳು. ತೆರಪೇ ಬೀಳದಂತೆ ಮಾಡುವ ಉಪಾಯವು ಅದೇ ಪಂಕ್ತಿಯ ಮರ್ಯಾದೆಯಲ್ಲಿದೆ. ಪಂಕ್ತಿಯಲ್ಲಿ ಕುಳಿತವರು ಬಂದ ಕ್ರಮದಲ್ಲಿ ಒತ್ತಾಗಿ ಕೂರುವರು. ನಡುವೆ ಯಾರೂ ಏಳುವುದಿಲ್ಲ. ಎಲ್ಲರೂ ಒಟ್ಟಿಗೆ ಏಳುವರು. ಎಲೆಗಳನ್ನೆಲ್ಲ ಒಂದೇ ಸಲ ತೆಗೆದು ಮೊದಲಿನಿಂದ ಮತ್ತೆ ಹಾಕುವರು. ಒಂದು ಚಿತ್ರಕ್ಕೆ ಮಾತ್ರ ಬೇಕಾದ ಸಾಮಗ್ರಿಯನ್ನು, ಉದಾಹರಣೆಗೆ ಆ ಕ್ಷಣದಲ್ಲಿ ಒಂದೊಂದು ವಸ್ತುವೂ ನಿಂತ ಸ್ಥಾನವನ್ನು ಹೇಳುವ ಅಂಕೆಗಳನ್ನು, ಹೀಗೆಯೇ ಇಡುತ್ತಾರೆ. ಮುಂದಿನ ಸ್ಥಳವನ್ನು ತೋರಿಸುವ ಒಂದು ಸೂಚಿಯನ್ನು ಮುಂದಕ್ಕೆ ಸರಿಸುವುದೇ ಕೊಡುವಿಕೆ. ಅದನ್ನು ಮೊದಲಿಗೆ ತಂದಿಡುವುದೇ ಬಿಡುವಿಕೆ. ಹುಡುಕಾಟವಿಲ್ಲ, ತೆರಪಿಲ್ಲ. ಒಂದೇ ಕಾಲದಲ್ಲಿ ಹುಟ್ಟಿ ಒಂದೇ ಕಾಲದಲ್ಲಿ ಅಳಿಯುವ ವಸ್ತುಗಳನ್ನು ಒಟ್ಟಿಗೆ ಇಟ್ಟರೆ ಛಿದ್ರತೆಗೆ ಕಾರಣವೇ ಉಳಿಯುವುದಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಆಟ ಮುಗಿಯುವವರೆಗೆ ಇರುವುವು, ಒಂದು ದೃಶ್ಯ ಮುಗಿಯುವವರೆಗೆ ಇರುವುವು, ಒಂದು ಚಿತ್ರಕ್ಕೆ ಮಾತ್ರ ಇರುವುವು ಎಂದು ಆಯುಸ್ಸಿನಿಂದ ವಿಂಗಡಿಸಿದವರಿಗೆ ಉಗ್ರಾಣವು ತನ್ನಷ್ಟಕ್ಕೆ ತಾನೇ ಅಚ್ಚುಕಟ್ಟಾಗುವುದು. ಗಾತ್ರದಿಂದ ಮಾತ್ರ ವಿಂಗಡಿಸಿದವರು ಎಷ್ಟು ಜಾಣತನದ ಕ್ರಮವನ್ನು ತಂದರೂ ತೆರಪುಗಳನ್ನು ತುಂಬುತ್ತಲೇ ಇರಬೇಕು. ಮೆಮೊರಿಯು ಹೆಚ್ಚಾದರೆ ಈ ಕಷ್ಟ ತೀರುವುದೆಂದು ಭಾವಿಸುವವರುಂಟು. ಪಡಸಾಲೆ ಉದ್ದವಾದರೆ ತೆರಪುಗಳೂ ಹೆಚ್ಚಾಗುವುವಲ್ಲದೆ ಇಲ್ಲವಾಗುವುದಿಲ್ಲ.

ಇಲ್ಲಿ ಒಂದು ಶಂಕೆ. ಚಿತ್ರವು ಮುಗಿಯಿತೆಂಬುದು ತಿಳಿಯುವುದು ಹೇಗೆ? ತಂತ್ರಾಂಶವನ್ನು ನಡೆಸುವ ಮುಖ್ಯ ಪ್ರೊಸೆಸರ್ ಅಪ್ಪಣೆಗಳ ಪಟ್ಟಿಯನ್ನು ಬರೆದು ಜಿಪಿಯುವಿಗೆ ಕಳುಹಿಸಿ ತಾನು ಮುಂದಿನ ಚಿತ್ರದ ಕೆಲಸಕ್ಕೆ ತೊಡಗುವುದು. ಜಿಪಿಯು ಆ ಪಟ್ಟಿಯನ್ನು ಬಳಿಕ ತನ್ನ ಸರದಿಯಲ್ಲಿ ನಡೆಸುವುದು. ಆದುದರಿಂದ ಮುಖ್ಯ ಪ್ರೊಸೆಸರಿನ ದೃಷ್ಟಿಯಿಂದ ಮುಗಿದುಹೋದ ಚಿತ್ರವು ಜಿಪಿಯುವಿನ ದೃಷ್ಟಿಯಿಂದ ಇನ್ನೂ ಆರಂಭವಾಗಿಲ್ಲದೆಯೂ ಇರಬಹುದು. ಹೊಸಬರು ಬೀಳುವ ದೊಡ್ಡ ಹಳ್ಳ ಇದೇ. ತಾನು ಬಳಸಿಯಾಯಿತೆಂದು ಒಂದು ಟೆಕ್ಸ್ಚರನ್ನು ಬಿಟ್ಟುಕೊಟ್ಟು ಆ ಸ್ಥಳದಲ್ಲಿ ಬೇರೊಂದನ್ನು ಬರೆದರೆ, ಹಿಂದಿನ ಚಿತ್ರವನ್ನು ಬಿಡಿಸುತ್ತಿರುವ ಜಿಪಿಯು ಗೋಡೆಯ ಮೇಲೆ ಮರದ ತೊಗಟೆಯನ್ನು ಹೊದಿಸೀತು. ಇಲ್ಲವೆ ಯಂತ್ರವೇ ಕೈಬಿಟ್ಟು ನಿಂತೀತು. ಇನ್ನೂ ಕೆಟ್ಟುದೇನೆಂದರೆ, ಬರೆದವರ ಯಂತ್ರದಲ್ಲಿ ಸರಿಯಾಗಿಯೇ ನಡೆದು ಬೇರೊಬ್ಬರ ಯಂತ್ರದಲ್ಲಿ ಮಾತ್ರ ಈ ದೋಷವು ತೋರಬಹುದು. ಓಪನ್‌ಜಿಎಲ್ಲಿನ ಪಾರುಪತ್ಯಗಾರನು ಇದನ್ನು ತಾನೇ ನೋಡಿಕೊಳ್ಳುತ್ತಿದ್ದನು.

ಹಾಗಾದರೆ ಜಿಪಿಯು ಮುಗಿಸುವವರೆಗೆ ಕಾಯಬಾರದೇಕೆ ಎಂದರೆ, ಕಾದರೆ ಒಬ್ಬರು ದುಡಿಯುವಾಗ ಇನ್ನೊಬ್ಬರು ಸುಮ್ಮನೆ ಕುಳಿತಿರಬೇಕಾಗುವುದು; ಇಬ್ಬರಿಗೂ ೧೬.೬೭ ಮಿಲಿಸೆಕೆಂಡಿನಲ್ಲಿ ಒಂದು ಪಾಲು ಮಾತ್ರ ದಕ್ಕುವುದು. ಇದಕ್ಕೆ ಸಮಾಧಾನವು ಎರಡು ಅಥವಾ ಮೂರು ಪಂಕ್ತಿಗಳನ್ನು ಇಡುವುದು. ಒಂದು ಪಂಕ್ತಿಯು ಉಣ್ಣುತ್ತಿರುವಾಗ ಇನ್ನೊಂದರಲ್ಲಿ ಎಲೆ ಹಾಕಬಹುದು. ಮೊದಲ ಪಂಕ್ತಿಯಲ್ಲಿ ಉತ್ತರಾಪೋಶನವಾಯಿತೆಂದು ತಿಳಿಯುವವರೆಗೆ ಅಲ್ಲಿಯ ಎಲೆಯನ್ನು ಮುಟ್ಟಕೂಡದು. ಆ ಸುದ್ದಿಯನ್ನು ತರುವುದಕ್ಕೆ ಫೆನ್ಸ್ ಎಂಬ ಒಂದು ಸಂಕೇತವು ಏರ್ಪಟ್ಟಿದೆ. ಜಿಪಿಯು ಇಂಥ ಪಟ್ಟಿಯ ಕೊನೆಯನ್ನು ಮುಟ್ಟಿದೊಡನೆ ಅದು ಎದ್ದು ನಿಲ್ಲುವುದು. ಬಿಡಬೇಕಾದ ವಸ್ತುಗಳನ್ನು ಒಡನೆ ಬಿಡದೆ, ಯಾವ ಚಿತ್ರದಲ್ಲಿ ಕಡೆಯದಾಗಿ ಬಳಕೆಯಾಯಿತೆಂಬ ಅಂಕೆಯೊಡನೆ ಒಂದು ಸಾಲಿನಲ್ಲಿ ನಿಲ್ಲಿಸಿ, ಆ ಚಿತ್ರದ ಫೆನ್ಸ್ ಎದ್ದ ಮೇಲೆ ಮಾತ್ರ ನಿಜವಾಗಿ ಬಿಡುವುದು ಶಿಷ್ಟಾಚಾರ.

ಒಂದೇ ಚಿತ್ರದ ಒಳಗೂ ಹುಟ್ಟು ಸಾವುಗಳುಂಟು. ನೆರಳಿನ ಪಟವು ಬೆಳಕಿನ ಲೆಕ್ಕವಾಗುವವರೆಗೆ ಬೇಕು, ಆಮೇಲೆ ಬೇಡ. ಪ್ರಭೆಯನ್ನು ಹರಡಿಸುವ ಮಸುಕುಪಟವು ಆಮೇಲೆಯೇ ಹುಟ್ಟುವುದು. ಇವೆರಡನ್ನೂ ಒಂದೇ ಸ್ಥಳದಲ್ಲಿ ಇಟ್ಟರೇನು? ಬಿಂದುವೊಂದಕ್ಕೆ ೮ ಬೈಟಿನಂತೆ ೩೮೪೦ಕ್ಕೆ ೨೧೬೦ರ ಒಂದು ನಡುಚಿತ್ರಕ್ಕೆ ೬,೬೩,೫೫,೨೦೦ ಬೈಟು ಬೇಕು. ಅಂಥ ಐದಿದ್ದು ಯಾವ ಗಳಿಗೆಯಲ್ಲಿಯೂ ಎರಡಕ್ಕಿಂತ ಹೆಚ್ಚು ಜೀವಂತವಾಗಿರದಿದ್ದರೆ ಎರಡರ ಸ್ಥಳವೇ ಐದಕ್ಕೂ ಸಾಕು. ಗಾತ್ರಗಳು ಸಮವಾಗಿದ್ದರೆ ಈ ಹೊಂದಿಕೆಯು ಸುಲಭ. ವಿಷಮವಾದಾಗ ಅತ್ಯುತ್ತಮವಾದುದನ್ನು ಬೇಗನೆ ಕಂಡುಹಿಡಿಯುವ ಸಾಮಾನ್ಯ ಮಾರ್ಗವು ಯಾರಿಗೂ ದೊರೆತಿಲ್ಲವಾದುದರಿಂದ ತಕ್ಕಮಟ್ಟಿನದರಲ್ಲಿ ತೃಪ್ತರಾಗಬೇಕು. ೨೦೧೭ರಲ್ಲಿ ಆಟನಿರ್ಮಾಪಕರ ಸಮ್ಮೇಳನದಲ್ಲಿ ಫ್ರಾಸ್ಟ್‌ಬೈಟ್ ಎಂಬ ಚಿತ್ರಣಯಂತ್ರದ ಪರವಾಗಿ ಯೂರಿ ಓಡಾನೆಲ್ ಅವರು ವಿವರಿಸಿದ ಫ್ರೇಮ್‌ಗ್ರಾಫ್ ಎಂಬ ಪದ್ಧತಿಯು ಈ ಉಪಾಯವನ್ನು ಬಹಳವಾಗಿ ಪ್ರಚಾರಗೊಳಿಸಿತು. ಚಿತ್ರವೊಂದರ ಕಾರ್ಯಗಳನ್ನೆಲ್ಲ ಮೊದಲು ಘೋಷಿಸಿ, ಯಾವುದು ಯಾವುದನ್ನು ಓದುವುದು, ಯಾವುದನ್ನು ಬರೆಯುವುದು ಎಂಬುದರಿಂದ ಒಂದೊಂದು ಪಟದ ಆಯುಸ್ಸನ್ನು ಯಂತ್ರವೇ ಗಣಿಸುವಂತೆ ಅದರಲ್ಲಿ ಮಾಡಿದೆ. ಜಾತಕವನ್ನು ಹುಟ್ಟುವುದಕ್ಕೆ ಮೊದಲೇ ಬರೆದಿಟ್ಟಂತಾಯಿತು.

ಒಂದರ ಸ್ಥಾನದಲ್ಲಿ ಇನ್ನೊಂದು ಬರುವ ಈ ಪ್ರಕ್ರಿಯೆಯನ್ನು ಕಂಡಾಗ ವ್ಯಾಕರಣವನ್ನು ಓದಿದವರಿಗೆ ಸ್ಥಾನಿ ಮತ್ತು ಆದೇಶಗಳ ನೆನಪು ಬರುವುದು ಸಹಜ. ಹೋಲಿಕೆಯು ಅರ್ಧ ಮಾತ್ರ ನಿಲ್ಲುತ್ತದೆ. ಪಾಣಿನೀಯದಲ್ಲಿ ವರ್ಣವನ್ನು ಆಶ್ರಯಿಸಿದ ವಿಧಿಗಳನ್ನು ಬಿಟ್ಟರೆ ಆದೇಶವು ಸ್ಥಾನಿಯ ಧರ್ಮಗಳನ್ನು ಪಡೆಯುವುದು. ಇಲ್ಲಿ ಹಾಗೆ ಪಡೆದರೆ ಅನರ್ಥ. ಹಳೆಯ ಪಟದ ಬೈಟುಗಳು ಆ ಗೂಡುಗಳಲ್ಲಿ ಇನ್ನೂ ಉಳಿದಿದ್ದರೂ ಹೊಸ ಪಟಕ್ಕೆ ಅವು ಅರ್ಥವಿಲ್ಲದ ಕಸ. ಹಳೆಯದನ್ನು ಓದುವವರು ಓದಿ ಮುಗಿಸಿದರೆಂಬ ತಡೆಯನ್ನು ನಡುವೆ ಇಟ್ಟು, ಒಳಗಿರುವುದು ಅನಿಶ್ಚಿತವೆಂದು ಘೋಷಿಸಿ, ಪೂರ್ತಿಯಾಗಿ ಹೊಸದಾಗಿ ಬರೆದ ಮೇಲೆಯೇ ಓದಬೇಕು. ಈ ಘೋಷಣೆಯನ್ನು ಮರೆತವರ ಚಿತ್ರದಲ್ಲಿ ಹಿಂದಿನ ಪಟದ ಛಾಯೆಗಳು ಬಣ್ಣಬಣ್ಣದ ಚೌಕಗಳಾಗಿ ತೋರಬಹುದು.

ಇಷ್ಟೆಲ್ಲ ಮಾಡಿದರೂ ಉಗ್ರಾಣವು ತುಂಬಿಹೋಗುವ ಸಂದರ್ಭವುಂಟು. ಅದೇ ಯಂತ್ರದಲ್ಲಿ ಬೇರೆ ತಂತ್ರಾಂಶಗಳೂ ನಡೆಯುತ್ತಿರುವುದರಿಂದ ಇಡೀ ಮೆಮೊರಿಯು ತನ್ನದೆಂದು ಯಾರೂ ನಂಬಬಾರದು. ಈ ಗಳಿಗೆಯಲ್ಲಿ ತನ್ನ ಪಾಲು ಎಷ್ಟೆಂದು ವಿಂಡೋಸಿನಲ್ಲಿಯೂ ವಲ್ಕನ್ನಿನ ಒಂದು ಅನುಬಂಧದ ಮೂಲಕವೂ ಕೇಳಿ ತಿಳಿಯಬಹುದು. ಆ ಪಾಲು ಆಗಾಗ ಬದಲಾಗುತ್ತಿರುವುದರಿಂದ ಒಮ್ಮೆ ಕೇಳಿ ಸುಮ್ಮನಾಗುವಂತಿಲ್ಲ. ಮೀರಿದರೆ ಆಪರೇಟಿಂಗ್ ಸಿಸ್ಟಮ್ ಕೆಲವು ವಸ್ತುಗಳನ್ನು ದೂರದ ಮೆಮೊರಿಗೆ ಸಾಗಿಸೀತು. ೪೪೮ರ ವೇಗದಲ್ಲಿ ಓದುತ್ತಿದ್ದುದನ್ನು ೩೨ರ ದಾರಿಯಲ್ಲಿ ತರಿಸಿಕೊಳ್ಳಬೇಕಾಗಿ ಬರುವುದು.

ಅದಕ್ಕೆ ಮೊದಲೇ ತಾನಾಗಿ ಬಿಟ್ಟುಕೊಡುವುದು ವಿವೇಕ. ಏನನ್ನು ಬಿಡಬೇಕೆಂಬಲ್ಲಿ ಮಿಪ್ ಸರಣಿಯು ಉಪಕಾರಕ್ಕೆ ಬರುತ್ತದೆ. ೮೫ ಮೆಗಾಬೈಟಿನ ಸರಣಿಯಲ್ಲಿ ಮೇಲಿನ ಒಂದೇ ಹಂತವು ೬೪ನ್ನು ಹಿಡಿದಿದೆ, ಎಂದರೆ ಸರಿಯಾಗಿ ಮುಕ್ಕಾಲು ಪಾಲು. ಕಣ್ಣಿಗೆ ದೂರವಾದ ವಸ್ತುಗಳಲ್ಲಿ ಆ ಹಂತವನ್ನು ತೆಗೆದರೆ ನೋಡುವವರಿಗೆ ಭೇದವೇ ತಿಳಿಯದು. ಮುಕ್ಕಾಲು ಸ್ಥಳವು ಕೈಗೆ ಬಂದಿರುವುದು. ನೋಡುವವನು ಹತ್ತಿರ ಹೋದಂತೆ ಅದನ್ನು ಮತ್ತೆ ತರಿಸಬೇಕು. ತರಿಸುವುದಕ್ಕೆ ಕೆಲವು ಚಿತ್ರಗಳಷ್ಟು ಕಾಲ ಹಿಡಿಯುವುದರಿಂದ ಅವನು ಹೋಗುವ ದಿಕ್ಕನ್ನು ಸ್ವಲ್ಪ ಮೊದಲೇ ಊಹಿಸಬೇಕು. ಊಹೆಯು ಹಿಂದುಳಿದಾಗ ಹತ್ತಿರದ ಗೋಡೆಯು ಮೊದಲು ಮಸುಕಾಗಿದ್ದು, ಅರೆಗಳಿಗೆಯ ಮೇಲೆ ಇಟ್ಟಿಗೆಗಳ ಸಂದುಗಳು ಥಟ್ಟನೆ ಸ್ಫುಟವಾಗುವುದನ್ನು ಇಂಥ ಆಟಗಳನ್ನು ನೋಡಿದವರು ಗಮನಿಸಿರಬಹುದು.